ಓದಿದರೆ ಅರ್ಥವಾಗುತ್ತದೆ, ಟೆಸ್ಟ್‌ನಲ್ಲಿ ಪೆನ್ನು ಓಡುವುದಿಲ್ಲ: ಲೆಕ್ಕಕ್ಕೆ ಸಹಾಯ ಕೇಳುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಫಿಸಿಕ್ಸ್ ಮತ್ತು ಗಣಿತ ನನ್ನ ಮುಖ್ಯ ವಿಷಯಗಳು. ವಾರಕ್ಕೆ ಎರಡು ಅಸೈನ್‌ಮೆಂಟ್ ಇರುತ್ತವೆ. ಮೊದಲ ಒಂದೆರಡು ಲೆಕ್ಕ ಹೇಗೋ ಆಗುತ್ತವೆ, ಆಮೇಲೆ ಸಿಕ್ಕಿಹಾಕಿಕೊಳ್ಳುತ್ತೇನೆ. ಒಂದೇ ಲೆಕ್ಕದ ಮುಂದೆ ಎರಡು ಗಂಟೆ ಕೂತರೂ ಒಂದು ಸಾಲು ಮುಂದೆ ಹೋಗುವುದಿಲ್ಲ. ಕೊನೆಗೆ ಸೊಲ್ಯೂಷನ್ ಮ್ಯಾನ್ಯುಯಲ್ ತೆಗೆಯುತ್ತೇನೆ, ಇಲ್ಲವೇ ಚಾಟ್‌ಜಿಪಿಟಿಗೆ ಕೇಳುತ್ತೇನೆ. ಓದಿದಾಗ ಎಲ್ಲ ಅರ್ಥವಾಗುತ್ತದೆ, 'ಅಯ್ಯೋ, ಇಷ್ಟೇನಾ' ಅನಿಸುತ್ತದೆ. ಹೋಮ್‌ವರ್ಕಿನಲ್ಲಿ 20ಕ್ಕೆ 18 ಬರುತ್ತದೆ. ಟೆಸ್ಟ್‌ನಲ್ಲಿ ಅದೇ ಥರದ ಲೆಕ್ಕಗಳಿಗೆ 20ಕ್ಕೆ 6. ರಾಟೆಯ ಲೆಕ್ಕದಲ್ಲೂ ಹೀಗೇ ಆಯಿತು, ಎಪ್ಸಿಲಾನ್-ಡೆಲ್ಟಾ ಪ್ರೂಫ್‌ನಲ್ಲೂ ಹೀಗೇ ಆಯಿತು. ಬೇರೆಯವರ ಸಹಾಯ ತೆಗೆದುಕೊಂಡರೆ ಅದು ಮೋಸ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಎಲ್ಲರೂ ನೋಡಿಯೇ ಬರೆಯುತ್ತಾರೆ ಎಂದು ಇನ್ನೊಬ್ಬ ಹೇಳುತ್ತಾನೆ. ಮೇಷ್ಟ್ರ ಹತ್ತಿರ ಹೋಗಲು ಭಯ. 'ಇಷ್ಟೂ ಬರಲ್ವಾ' ಅಂದುಬಿಟ್ಟರೆ? ಟ್ಯೂಷನ್‌ಗೆ ಸೇರಲೇ? ಅಥವಾ ಈ ವಿಷಯಗಳಿಗೆ ಬೇಕಾದ ತಲೆಯೇ ನನಗಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳ ಹಿಂದೆಯೂ ಅದೇ ಭಯ ಇದೆ ಅನಿಸಿತು.

ನೀವು ಬರೆದಿರುವುದರಲ್ಲಿ 'ತಲೆ ಇಲ್ಲ' ಅನ್ನುವುದಕ್ಕೆ ಯಾವ ಗುರುತೂ ನನಗೆ ಕಾಣಲಿಲ್ಲ. ಎಪ್ಸಿಲಾನ್-ಡೆಲ್ಟಾ ಪ್ರೂಫ್ ಒಂದನ್ನು ಓದಿ, ಸಾಲು ಸಾಲಾಗಿ ಹಿಂಬಾಲಿಸಲು ಬರುತ್ತದೆ ಎಂದರೆ ತಲೆ ಚೆನ್ನಾಗಿಯೇ ಓಡುತ್ತಿದೆ. ಆದರೆ ವಾರವಿಡೀ ನೀವು ಅಭ್ಯಾಸ ಮಾಡುತ್ತಿರುವುದು ಬಿಡಿಸಿದ ಲೆಕ್ಕ ಓದುವುದನ್ನು. ಟೆಸ್ಟ್ ಕೇಳುವುದು ಖಾಲಿ ಹಾಳೆಯ ಮೇಲೆ ಮೊದಲ ಸಾಲು ಬರೆಯುವುದನ್ನು. ಇವೆರಡು ಬೇರೆ ಬೇರೆ ಕೆಲಸಗಳು. ನೋಡಿ ಕಲಿ, ಮಾಡಿ ತಿಳಿ ಅಂತಾರಲ್ಲ, ನಿಮ್ಮ ವಿಷಯದಲ್ಲಿ ಅರ್ಧ ಮಾತ್ರ ಆಗುತ್ತಿದೆ.

ಇದು ನನ್ನ ಸಮಾಧಾನದ ಮಾತಲ್ಲ. 2010ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಫಿಸಿಕ್ಸ್ ಹೋಮ್‌ವರ್ಕಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳು ಆನ್‌ಲೈನ್‌ನಲ್ಲಿ ಕಳಿಸಿದ ಉತ್ತರಗಳನ್ನು ಪರಿಶೀಲಿಸಿ, ಯಾವುದು ನಕಲು ಎಂದು ಪತ್ತೆ ಮಾಡಿದರು. ನೂರಕ್ಕೆ ಮೂವತ್ತಕ್ಕಿಂತ ಜಾಸ್ತಿ ಲೆಕ್ಕಗಳನ್ನು ನಕಲು ಮಾಡಿದವರು ಕೋರ್ಸ್‌ನಲ್ಲಿ ಫೇಲಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಇದು ಯಾರಾದರೂ ಊಹಿಸಬಹುದಾದ ಸಂಗತಿ. ಆದರೆ ಇನ್ನೆರಡು ವಿಷಯಗಳು ನಿಮಗಾಗಿಯೇ ಬರೆದಂತಿವೆ. ಒಂದು, ಕೋರ್ಸ್ ಶುರುವಾಗುವಾಗ ಇದ್ದ ಗಣಿತ-ಫಿಸಿಕ್ಸ್ ಸಾಮರ್ಥ್ಯಕ್ಕೂ ನಕಲಿಗೂ ಹೆಚ್ಚಿನ ಸಂಬಂಧ ಕಾಣಲಿಲ್ಲ. ತಡವಾಗಿ ಶುರು ಮಾಡಿ, ಕೊನೆ ಗಳಿಗೆಯಲ್ಲಿ ಸಮಯ ಸಾಲದೆ ಹೋಗುವುದೇ ನಕಲಿಗೆ ಕಾರಣ ಎಂದು ಅವರಿಗೆ ಕಂಡುಬಂತು. ಇನ್ನೊಂದು, ನಕಲು ಮಾಡಿದವರು ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು ಸಮೀಕರಣ ಬರೆದು ಬಿಡಿಸಬೇಕಾದ ಲೆಕ್ಕಗಳಲ್ಲಿ. ಪರಿಕಲ್ಪನೆಗಳ ತಿಳಿವಳಿಕೆಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವಿಷಯ ಅರ್ಥವಾಗಿದೆ, ಲೆಕ್ಕ ಬಿಡಿಸಲು ಬರುತ್ತಿಲ್ಲ. ನಿಮ್ಮ ಪತ್ರವೂ ಹೇಳುವುದು ಇದನ್ನೇ ಅಲ್ವಾ?

ಈಗ ನಿಮ್ಮ ಇಬ್ಬರು ಗೆಳೆಯರ ಮಾತು. ಇಬ್ಬರದೂ ತಪ್ಪು. ಎಲ್ಲರೂ ನೋಡಿ ಬರೆಯುವುದಿಲ್ಲ. ಅದೇ ಅಧ್ಯಯನದಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ನೂರಕ್ಕೆ ಹತ್ತಕ್ಕಿಂತ ಕಡಿಮೆ ಲೆಕ್ಕಗಳನ್ನು ನಕಲು ಮಾಡಿದ್ದರು. ಸಹಾಯ ಕೇಳಿದರೆ ಮೋಸ ಅನ್ನುವುದೂ ನಿಜವಲ್ಲ. ಫಿಸಿಕ್ಸ್ ಮತ್ತು ಗಣಿತದಲ್ಲಿ ಕೆಲಸ ಮಾಡುವವರು ದಿನವೂ ಒಬ್ಬರನ್ನೊಬ್ಬರು ಕೇಳುತ್ತಲೇ ಇರುತ್ತಾರೆ. ಗೆರೆ ಎಳೆಯಬೇಕಾದ್ದು ಬೇರೆ ಕಡೆ. ಚರ್ಚೆ ಮಾಡಿದ ಮೇಲೆ ನೀವೊಬ್ಬರೇ ಕೂತು, ಯಾವ ಹಾಳೆಯನ್ನೂ ಎದುರಿಗಿಟ್ಟುಕೊಳ್ಳದೆ ಬರೆದರೆ ಅದು ನಿಮ್ಮ ಕೆಲಸ. ಬೇರೆಯವರು ಬರೆದದ್ದನ್ನು ನಿಮ್ಮದು ಎಂದು ಕೊಟ್ಟರೆ ಅಲ್ಲ. ಕೆಲವು ಕೋರ್ಸ್‌ಗಳಲ್ಲಿ ಚರ್ಚೆಗೂ ಮಿತಿ ಇರುತ್ತದೆ, ಚಾಟ್‌ಜಿಪಿಟಿಯಂಥ ಎಐ ಬಳಕೆಗೆ ಬೇರೆ ನಿಯಮ ಇರುತ್ತದೆ. ಕೋರ್ಸ್ ಶುರುವಾದಾಗ ಕೊಟ್ಟ ಸೂಚನೆಗಳನ್ನು ಒಮ್ಮೆ ಸರಿಯಾಗಿ ಓದಿ. ಅನುಮಾನ ಇದ್ದರೆ ಮೇಷ್ಟ್ರನ್ನೇ ಕೇಳಿ. ಯಾರ ಸಹಾಯ ಸಿಕ್ಕಿತು ಎಂದು ಉತ್ತರದ ಕೊನೆಯಲ್ಲಿ ಒಂದು ಸಾಲು ಬರೆದುಬಿಟ್ಟರೆ ಮನಸ್ಸೂ ಹಗುರ.

ಓದಿದಾಗ 'ಇಷ್ಟೇನಾ' ಅನಿಸುವುದು ಯಾಕೆ?

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸಲ ಓದಿದರು. ಇನ್ನು ಕೆಲವರು ಒಂದೇ ಸಲ ಓದಿ, ಆಮೇಲೆ ಮೂರು ಸಲ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದರೆ ಪೂರ್ತಿ ಉಲ್ಟಾ. ಓದಿದವರಿಗೆ ನೂರಕ್ಕೆ 40ರಷ್ಟು ನೆನಪಿತ್ತು, ನೆನಪಿನಿಂದ ಬರೆದವರಿಗೆ 61ರಷ್ಟು. ಆದರೂ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಜಾಸ್ತಿ ಇದ್ದದ್ದು ಓದಿದವರಿಗೇ. ಅದು ಗದ್ಯದ ಪಾಠ, ಲೆಕ್ಕವಲ್ಲ. ಆದರೆ ಲೆಕ್ಕದಲ್ಲೂ ಇದೇ ಆಗುವುದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ನೋಡುತ್ತೇನೆ. ಸೊಲ್ಯೂಷನ್ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆ ಸರಾಗವನ್ನೇ ನಮ್ಮ ತಿಳಿವಳಿಕೆ ಎಂದುಕೊಂಡುಬಿಡುತ್ತೇವೆ.

ಗಣಿತದ ಸೊಲ್ಯೂಷನ್‌ಗೆ ಇನ್ನೂ ಒಂದು ತೊಂದರೆ ಇದೆ. ಅದು ದಾರಿಯನ್ನು ಮುಚ್ಚಿಟ್ಟಿರುತ್ತದೆ. ನೀವು ಹೇಳಿದ ಎಪ್ಸಿಲಾನ್-ಡೆಲ್ಟಾವನ್ನೇ ನೋಡೋಣ. ಎಕ್ಸ್ 2ರ ಹತ್ತಿರ ಹೋದಂತೆ ಎಕ್ಸ್ ವರ್ಗ 4ರ ಹತ್ತಿರ ಹೋಗುತ್ತದೆ ಎಂದು ಸಾಧಿಸಬೇಕು. ಅಂದರೆ, ಎಪ್ಸಿಲಾನ್ ಎಂಬ ಅಂತರ ಎಷ್ಟೇ ಚಿಕ್ಕದಿರಲಿ, ಎಕ್ಸ್ 2ರಿಂದ ಡೆಲ್ಟಾಗಿಂತ ಕಡಿಮೆ ದೂರದಲ್ಲಿದ್ದರೆ ಎಕ್ಸ್ ವರ್ಗ 4ರಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿರುವಂಥ ಒಂದು ಡೆಲ್ಟಾ ಹುಡುಕಬೇಕು. ಪುಸ್ತಕದ ಪ್ರೂಫ್ ಹೀಗೆ ಶುರುವಾಗುತ್ತದೆ: '1 ಮತ್ತು ಎಪ್ಸಿಲಾನ್‌ನ ಐದನೇ ಒಂದು ಭಾಗ, ಇವೆರಡರಲ್ಲಿ ಚಿಕ್ಕದು ಡೆಲ್ಟಾ ಆಗಿರಲಿ.' ಆಮೇಲೆ ನಾಲ್ಕು ಸಾಲು, ಪ್ರೂಫ್ ಮುಗಿಯಿತು. ಪ್ರತಿ ಸಾಲೂ ಸರಿ. ಆದರೆ ಆ ಐದು ಎಲ್ಲಿಂದ ಬಂತು? 1 ಯಾಕೆ? ಇದನ್ನು ಪುಸ್ತಕ ಹೇಳುವುದಿಲ್ಲ. ಟೆಸ್ಟ್‌ನಲ್ಲಿ ನೀವು ನಿಲ್ಲುವುದು ಸರಿಯಾಗಿ ಅಲ್ಲೇ.

ಅದು ಬಂದದ್ದು ರಫ್ ಹಾಳೆಯಿಂದ. ಪ್ರೂಫ್ ಬರೆದವರು ಕೊನೆಯಿಂದ ಶುರು ಮಾಡಿರುತ್ತಾರೆ. ಎಕ್ಸ್ ವರ್ಗ ಮತ್ತು 4ರ ನಡುವಿನ ಅಂತರವನ್ನು ಎಪ್ಸಿಲಾನ್‌ಗಿಂತ ಚಿಕ್ಕದು ಮಾಡಬೇಕು. ಆ ಅಂತರ ಎರಡು ಅಂಶಗಳ ಗುಣಲಬ್ಧ: ಎಕ್ಸ್ ಮೈನಸ್ 2, ಎಕ್ಸ್ ಪ್ಲಸ್ 2. ಮೊದಲನೆಯದು ನಮ್ಮ ಕೈಯಲ್ಲಿದೆ, ಡೆಲ್ಟಾ ಹಿಡಿದಿಟ್ಟುಕೊಳ್ಳುವುದು ಅದನ್ನೇ. ಕಾಟ ಕೊಡುವುದು ಎರಡನೆಯದು. ಅದು ಎಷ್ಟು ದೊಡ್ಡದಾಗಬಹುದು? ಎಕ್ಸ್ ಎಲ್ಲೆಲ್ಲೋ ಓಡಾಡಿದರೆ ಹೇಳಲಾಗದು. ಹಾಗಾಗಿ, 2ರಿಂದ 1ಕ್ಕಿಂತ ದೂರ ಹೋಗಬಾರದು ಎಂದು ನಾವೇ ಒಂದು ಬೇಲಿ ಹಾಕುತ್ತೇವೆ. ಆಗ ಎಕ್ಸ್ ಇರುವುದು 1 ಮತ್ತು 3ರ ನಡುವೆ. ಎಕ್ಸ್ ಪ್ಲಸ್ 2 ಐದನ್ನು ದಾಟುವುದಿಲ್ಲ. ಅಲ್ಲಿಂದ ಬಂತು ಐದು. ಒಟ್ಟು ಅಂತರ ಡೆಲ್ಟಾದ ಐದು ಪಟ್ಟಿಗಿಂತ ಕಡಿಮೆ. ಅದು ಎಪ್ಸಿಲಾನ್ ಮೀರಬಾರದು, ಆದ್ದರಿಂದ ಎಪ್ಸಿಲಾನ್‌ನ ಐದನೇ ಒಂದು ಭಾಗ.

ಆ 1 ನಾವೇ ಆರಿಸಿಕೊಂಡದ್ದು. ಬೇಲಿಯನ್ನು ಅರ್ಧಕ್ಕೆ ಹಾಕಿದ್ದರೂ ನಡೆಯುತ್ತಿತ್ತು, ಆಗ ಐದರ ಜಾಗದಲ್ಲಿ ನಾಲ್ಕೂವರೆ ಬರುತ್ತಿತ್ತು. ಈಗ ಪುಸ್ತಕ ಮುಚ್ಚಿ, ಎಕ್ಸ್ 3ರ ಹತ್ತಿರ ಹೋದಂತೆ ಎಕ್ಸ್ ವರ್ಗ 9ರ ಹತ್ತಿರ ಹೋಗುತ್ತದೆ ಎಂದು ನೀವೇ ಬರೆದು ನೋಡಿ. ಅದೇ 1ರ ಬೇಲಿ ಹಾಕಿದಾಗ ಐದರ ಬದಲು ಏಳು ಬಂದರೆ, ಈ ಪ್ರೂಫ್ ನಿಮ್ಮದಾಯಿತು.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಯಾರನ್ನೇ ಕೇಳಿ, ಯಾವ ಮ್ಯಾನ್ಯುಯಲ್ ನೋಡಿ, ನೀವು ಕೇಳಬೇಕಾದ್ದು ಆ ರಫ್ ಹಾಳೆಯನ್ನು. ಉತ್ತರವನ್ನಲ್ಲ, ಫೇರ್ ಪ್ರತಿಯನ್ನೂ ಅಲ್ಲ. 'ಈ ಸಾಲು ಬರೆಯಬೇಕು ಎಂದು ನಿಮಗೆ ಹೊಳೆದದ್ದು ಹೇಗೆ?' ಎಂದು ಕೇಳಿ.

ಫಿಸಿಕ್ಸ್‌ನಲ್ಲಿ ಸಮಸ್ಯೆ ಸ್ವಲ್ಪ ಬೇರೆ ಥರ. 1981ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಶ್ಶಾಸ್ತ್ರಜ್ಞೆ ಮಿಶೆಲಿನ್ ಚಿ ಮತ್ತು ಅವರ ಸಂಗಡಿಗರು ಮೆಕ್ಯಾನಿಕ್ಸ್ ಲೆಕ್ಕಗಳನ್ನು ಕೊಟ್ಟು, ಗುಂಪು ಮಾಡಿ ಎಂದು ಕೇಳಿದರು. ಹೊಸ ವಿದ್ಯಾರ್ಥಿಗಳು ಇಳಿಜಾರಿನ ಲೆಕ್ಕ, ಸ್ಪ್ರಿಂಗ್ ಲೆಕ್ಕ ಎಂದು ಕಣ್ಣಿಗೆ ಕಾಣುವ ವಸ್ತು ನೋಡಿ ವಿಂಗಡಿಸಿದರು. ಪಿಎಚ್‌ಡಿ ಮಟ್ಟದವರು ಶಕ್ತಿ ಸಂರಕ್ಷಣೆಯ ಲೆಕ್ಕ, ನ್ಯೂಟನ್ನನ ಎರಡನೇ ನಿಯಮದ ಲೆಕ್ಕ ಎಂದು ಒಳಗಿನ ತತ್ವ ನೋಡಿ ವಿಂಗಡಿಸಿದರು. ನಿಮ್ಮ ರಾಟೆಯ ಲೆಕ್ಕ ಎಲ್ಲಿ ಕೈಕೊಟ್ಟಿತು ಎಂದು ನೀವು ಬರೆದಿಲ್ಲ. ಆದರೆ ಹೆಚ್ಚಿನವರು ಬೀಳುವ ಹಳ್ಳ ಒಂದೇ. 'ರಾಟೆ' ಎಂದು ಕಂಡ ಕೂಡಲೇ ಹಳೆಯ ಸೂತ್ರ ನೆನಪಿಗೆ ಬರುತ್ತದೆ. ಆ ಸೂತ್ರ ದ್ರವ್ಯರಾಶಿ ಇಲ್ಲದ ರಾಟೆಗೆ ಬರೆದದ್ದು.

ಒಂದು ಕಡೆ 3 ಕೆಜಿ, ಇನ್ನೊಂದು ಕಡೆ 2 ಕೆಜಿ, ನಡುವೆ 2 ಕೆಜಿಯ ಗಟ್ಟಿ ಡಿಸ್ಕ್ ರಾಟೆ, ಹಗ್ಗ ಜಾರುವುದಿಲ್ಲ, ಅಚ್ಚಿನಲ್ಲಿ ಘರ್ಷಣೆ ಇಲ್ಲ ಎಂದಿಟ್ಟುಕೊಳ್ಳಿ. ಹಳೆಯ ಅಭ್ಯಾಸದಂತೆ ಎರಡೂ ಕಡೆ ಹಗ್ಗದ ಟೆನ್ಷನ್ ಒಂದೇ ಎಂದು ಬರೆದರೆ, ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 1.96 ಮೀಟರ್ ಬರುತ್ತದೆ. ಉತ್ತರದಲ್ಲಿ ರಾಟೆಯ ದ್ರವ್ಯರಾಶಿ ಎಲ್ಲೂ ಇಲ್ಲ. ಅದೇ ಮೊದಲ ಎಚ್ಚರಿಕೆ: ಕೊಟ್ಟ ಮಾಹಿತಿ ಬಳಕೆಯೇ ಆಗಲಿಲ್ಲ. ಎರಡೂ ಕಡೆಯ ಎಳೆತ ಸಮ ಇದ್ದರೆ ರಾಟೆಯ ಮೇಲೆ ಟಾರ್ಕ್, ಅಂದರೆ ಅದನ್ನು ತಿರುಗಿಸುವ ಎಳೆತ, ಇಲ್ಲ. ಟಾರ್ಕ್ ಇಲ್ಲದೆ ನಿಂತ ರಾಟೆ ತಿರುಗಲು ಶುರು ಮಾಡುವುದು ಹೇಗೆ? ಹಾಗಾಗಿ ಟೆನ್ಷನ್‌ಗಳು ಬೇರೆ ಬೇರೆ ಆಗಲೇಬೇಕು. ಎರಡು ತೂಕಗಳಿಗೆ ನ್ಯೂಟನ್ನನ ನಿಯಮ, ರಾಟೆಗೆ ಟಾರ್ಕ್‌ನ ಸಮೀಕರಣ, ಒಟ್ಟು ಮೂರು ಸಮೀಕರಣ. ಬಿಡಿಸಿದರೆ 1.63 ಬರುತ್ತದೆ. ಟೆನ್ಷನ್‌ಗಳು 24.5 ಮತ್ತು 22.87 ನ್ಯೂಟನ್. ರಾಟೆಯನ್ನು ತಿರುಗಿಸುವುದು ಅವುಗಳ ವ್ಯತ್ಯಾಸ.

ಉತ್ತರ ಬಂದ ಮೇಲೆ ಅದನ್ನು ಅಲ್ಲಾಡಿಸಿ ನೋಡಿ. ರಾಟೆಯ ದ್ರವ್ಯರಾಶಿ ಸೊನ್ನೆ ಮಾಡಿದರೆ ಹಳೆಯ 1.96 ಮರಳಿ ಬರಬೇಕು. ಎರಡೂ ಕಡೆ ಸಮ ತೂಕ ಇಟ್ಟರೆ ವೇಗೋತ್ಕರ್ಷ ಸೊನ್ನೆ ಆಗಬೇಕು. ರಾಟೆ ವಿಪರೀತ ಭಾರವಾದರೆ ಎಲ್ಲ ಹೆಚ್ಚುಕಡಿಮೆ ನಿಂತೇ ಬಿಡಬೇಕು. ಇದಕ್ಕಾಗಿಯೇ ಮೊದಲು ಅಕ್ಷರಗಳಲ್ಲಿ ಬಿಡಿಸಿ, ಸಂಖ್ಯೆಗಳನ್ನು ಕೊನೆಗೆ ಹಾಕಿ ಎಂದು ನಾನು ಹೇಳುತ್ತಿರುತ್ತೇನೆ. ಈ ಪರೀಕ್ಷೆಗಳು ಬಂದರೆ ಉತ್ತರ ಸರಿಯೇ ಎಂದು ತಿಳಿಯಲು ಬೇರೆಯವರನ್ನು ಕೇಳುವ ಅಗತ್ಯ ಅರ್ಧದಷ್ಟು ಕಡಿಮೆಯಾಗುತ್ತದೆ.

ಹಾಗಾದರೆ ಸೊಲ್ಯೂಷನ್ ನೋಡಲೇಬಾರದೇ? ಅದೂ ಒಂದು ತಪ್ಪು ನಂಬಿಕೆ. ಹೊಸ ವಿಷಯ ಕಲಿಯುವಾಗ ಬಿಡಿಸಿದ ಉದಾಹರಣೆಗಳು ನಿಜಕ್ಕೂ ಸಹಾಯ ಮಾಡುತ್ತವೆ. ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲೇ ಬೀಜಗಣಿತದಲ್ಲಿ ಇದನ್ನು ತೋರಿಸಿದ್ದಾರೆ. ಏನೂ ಗೊತ್ತಿಲ್ಲದ ಕಡೆ ಸುಮ್ನೆ ತಡಕಾಡುವುದರಿಂದ ಕಲಿಕೆ ಆಗುವುದಿಲ್ಲ. ಓದುವ ರೀತಿಯಲ್ಲಿ ವ್ಯತ್ಯಾಸ ಇದೆ. ಮಿಶೆಲಿನ್ ಚಿ ಅವರ ತಂಡ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಲೆಕ್ಕ ಚೆನ್ನಾಗಿ ಬಿಡಿಸಿದವರು ಉದಾಹರಣೆ ಓದುವಾಗ ನಿಂತು ನಿಂತು ತಮಗೆ ತಾವೇ ವಿವರಿಸಿಕೊಳ್ಳುತ್ತಿದ್ದರು. 'ಇದು ನನಗೆ ಅರ್ಥವಾಗಲಿಲ್ಲ' ಎಂದು ಜಾಸ್ತಿ ಸಲ ಹೇಳಿಕೊಂಡವರೂ ಅವರೇ. ಹಿಂದೆ ಬಿದ್ದವರು ಅರ್ಥವಾಯಿತು ಎಂದುಕೊಂಡೇ ಮುಂದೆ ಸಾಗಿದ್ದರು.

ಪೆನ್ನು ಎಲ್ಲಿ ನಿಂತಿತು?

ಎರಡು ಗಂಟೆ ಒಂದೇ ಲೆಕ್ಕದ ಮುಂದೆ ಕೂರಬೇಡಿ. ಅದು ಶ್ರಮ ನಿಜ, ಆದರೆ ಫಲ ಕೊಡುವ ಶ್ರಮವಲ್ಲ. ಹಾಳೆಯ ಮೇಲೆ ಹೊಸದೇನೂ ಬರದೆ ಇಪ್ಪತ್ತು-ಮೂವತ್ತು ನಿಮಿಷ ಕಳೆದರೆ ನಿಲ್ಲಿಸಿ. ಇದು ನನ್ನ ಅನುಭವದ ಅಂದಾಜು, ಹತ್ತು ನಿಮಿಷ ಹೆಚ್ಚು ಕಡಿಮೆ ಆದರೂ ಪರವಾಗಿಲ್ಲ. ನಿಲ್ಲಿಸುವ ಮೊದಲು ಒಂದು ಸಾಲು ಬರೆಯಿರಿ: ನಾನು ಎಲ್ಲಿ ನಿಂತೆ, ಯಾಕೆ ನಿಂತೆ.

ನಿಲ್ಲುವ ಜಾಗ ಎಲ್ಲ ಸಲವೂ ಒಂದೇ ಅಲ್ಲ. ಕೆಲವು ಸಲ ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ತಿಳಿದಿರುವುದಿಲ್ಲ, ಚಿತ್ರ ಬರೆಯಲೂ ಆಗುವುದಿಲ್ಲ. ಆಗ ಬೇಕಾದ್ದು ಲೆಕ್ಕದ ಸಹಾಯ ಅಲ್ಲ. ಪಾಠದ ವ್ಯಾಖ್ಯೆಗಳಿಗೆ ಹಿಂದಿರುಗಬೇಕು. ಚಿತ್ರ ಬಂತು, ಆದರೆ ಯಾವ ನಿಯಮ ಹಚ್ಚಬೇಕು ಎಂದು ಗೊತ್ತಾಗಲಿಲ್ಲ ಎಂದರೆ ಮೇಷ್ಟ್ರ ಜೊತೆಗಿನ ಹತ್ತು ನಿಮಿಷ ದೊಡ್ಡ ಕೆಲಸ ಮಾಡುತ್ತದೆ. ಇಲ್ಲಿ ಸೊಲ್ಯೂಷನ್ ಓದಿದರೆ ಜಾಸ್ತಿ ಹಾನಿ, ಯಾಕೆಂದರೆ ನೀವು ಕಲಿಯಬೇಕಾಗಿದ್ದ ಆಯ್ಕೆಯನ್ನು ಅದು ಮಾಡಿ ಮುಗಿಸಿಬಿಟ್ಟಿರುತ್ತದೆ. ಸಮೀಕರಣ ಬರೆದಾಯಿತು, ಬಿಡಿಸಲು ಬರಲಿಲ್ಲ ಎಂದರೆ ಕೊರತೆ ಇರುವುದು ಹಿಂದಿನ ವರ್ಷಗಳ ಗಣಿತದಲ್ಲಿ: ತ್ರಿಕೋನಮಿತಿ, ಅಸಮಾನತೆಗಳು, ಭಾಗಶಃ ಅನುಕಲನ, ವೆಕ್ಟರ್. ಎಷ್ಟೋ ವಿದ್ಯಾರ್ಥಿಗಳು ತಮಗೆ ಫಿಸಿಕ್ಸ್ ಬರುವುದಿಲ್ಲ ಎಂದು ಕೊರಗುತ್ತಿರುತ್ತಾರೆ, ನಿಜದಲ್ಲಿ ಅವರನ್ನು ತಡೆಯುತ್ತಿರುವುದು ಹಳೆಯ ಬೀಜಗಣಿತ. ಇದು ಸರಿಪಡಿಸಲು ಎಲ್ಲಕ್ಕಿಂತ ಸುಲಭವಾದ ಕೊರತೆ. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಕೂತರೆ ಸಾಕು. ಖಾನ್ ಅಕಾಡೆಮಿಯಂಥ ಉಚಿತ ಪಾಠಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ.

ಎಪ್ಸಿಲಾನ್-ಡೆಲ್ಟಾದಲ್ಲಿ ಅನೇಕರು ಸಿಕ್ಕಿಕೊಳ್ಳುವುದು ಅಸಮಾನತೆಗಳಲ್ಲಿ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮದೂ ಅದೇ ಇರಬಹುದು, ಪರೀಕ್ಷಿಸಿಕೊಳ್ಳಿ.

ಯಾರ ಹತ್ತಿರ ಹೋಗುವುದು?

ಮೊದಲು ಮೇಷ್ಟ್ರು. 'ಇಷ್ಟೂ ಬರಲ್ವಾ' ಎಂಬ ಭಯ ನನಗೆ ಅರ್ಥವಾಗುತ್ತದೆ. ಹಾಗೆ ಅನ್ನುವವರು ಇಲ್ಲವೆಂದಲ್ಲ. ಆದರೆ ನೀವು ಖಾಲಿ ಕೈಯಲ್ಲಿ ಹೋಗದಿದ್ದರೆ ಆ ಮಾತು ಬರುವುದು ತುಂಬಾ ಕಡಿಮೆ. 'ಮೂರನೇ ಲೆಕ್ಕ ಬರುತ್ತಿಲ್ಲ ಮೇಡಂ' ಎಂದರೆ ನನಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಕೊನೆಗೆ ನಾನೇ ಬೋರ್ಡಿನ ಮೇಲೆ ಪೂರ್ತಿ ಬಿಡಿಸುತ್ತೇನೆ, ನೀವು ಬರೆದುಕೊಂಡು ಹೋಗುತ್ತೀರಿ. ಅಲ್ಲಿಗೆ ಮ್ಯಾನ್ಯುಯಲ್ ನೋಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಬದಲಿಗೆ ಹೀಗೆ ಕೇಳಿ ನೋಡಿ: 'ಮೇಡಂ, ಎರಡೂ ಕಡೆ ಟೆನ್ಷನ್ ಒಂದೇ ಎಂದು ತೆಗೆದುಕೊಂಡೆ. ಆಗ ರಾಟೆಯ ದ್ರವ್ಯರಾಶಿ ಉತ್ತರದಲ್ಲಿ ಬರುವುದೇ ಇಲ್ಲ. ಎಲ್ಲೋ ತಪ್ಪಿದ್ದೇನೆ ಅನಿಸುತ್ತದೆ. ಟೆನ್ಷನ್ ಒಂದೇ ಎಂದು ಯಾವಾಗ ಹೇಳಬಹುದು?' ಇಂಥ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವ ಮೇಷ್ಟ್ರನ್ನು ನಾನು ಕಂಡಿಲ್ಲ. ನಿಜ ಹೇಳಬೇಕೆಂದರೆ ಇಂಥ ಪ್ರಶ್ನೆ ಬಂದ ದಿನ ನಮಗೂ ಖುಷಿಯಾಗುತ್ತದೆ. ನಿಮ್ಮ ರಫ್ ಹಾಳೆ ಜೊತೆಗಿರಲಿ, ತಪ್ಪು ಸಾಲುಗಳನ್ನು ಅಳಿಸಬೇಡಿ. ನಾವು ನೋಡಬೇಕಾದ್ದು ಅವನ್ನೇ. ಪೆನ್ನು ನಿಮ್ಮ ಕೈಯಲ್ಲೇ ಇರಲಿ. ಮೇಷ್ಟ್ರು ತಾವೇ ಬರೆಯಲು ಶುರು ಮಾಡಿದರೆ, 'ಮುಂದಿನ ಸಾಲು ನಾನು ಪ್ರಯತ್ನಿಸಲೇ?' ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಗೆಳೆಯರ ಗುಂಪು ಎರಡನೆಯದು, ಮತ್ತು ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ಶಕ್ತಿಯುಳ್ಳದ್ದು. 1970ರ ದಶಕದ ಕೊನೆಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್, ಕ್ಯಾಲ್ಕುಲಸ್‌ನಲ್ಲಿ ಕೆಲವರು ಯಾಕೆ ಹಿಂದೆ ಬೀಳುತ್ತಾರೆ ಎಂದು ಹುಡುಕಲು ವಿದ್ಯಾರ್ಥಿಗಳು ಓದುವುದನ್ನೇ ಹತ್ತಿರದಿಂದ ಗಮನಿಸಿದರು. ಹಿಂದೆ ಬಿದ್ದವರಲ್ಲಿ ಶ್ರದ್ಧೆಗೆ ಕೊರತೆ ಇರಲಿಲ್ಲ. ಅವರು ಒಬ್ಬೊಬ್ಬರೇ ಕೂತು ಓದುತ್ತಿದ್ದರು. ಚೆನ್ನಾಗಿ ಮಾಡುತ್ತಿದ್ದವರು ಮೊದಲು ಒಂಟಿಯಾಗಿ ಕೆಲಸ ಮಾಡಿ, ಆಮೇಲೆ ಒಟ್ಟಿಗೆ ಕೂತು ಉತ್ತರ ಹೋಲಿಸಿ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಇದನ್ನೇ ಆಧಾರ ಮಾಡಿಕೊಂಡು ಟ್ರೈಸ್‌ಮನ್ ನಡೆಸಿದ ಕಾರ್ಯಾಗಾರಗಳು ಹೆಸರಾದವು. ಆದರೆ ಕ್ರಮ ಗಮನಿಸಿ: ಮೊದಲು ಒಂಟಿಯಾಗಿ, ಆಮೇಲೆ ಜೊತೆಯಾಗಿ. ಲೆಕ್ಕಗಳನ್ನು ಹಂಚಿಕೊಂಡು, ನೀನು ಒಂದನೆಯದು ನಾನು ಎರಡನೆಯದು ಎಂದು ಮಾಡಿ ಅದಲುಬದಲು ಮಾಡಿಕೊಂಡರೆ ಅದು ಗುಂಪು ಓದು ಅಲ್ಲ, ನಕಲು. ಇನ್ನೊಂದು ಅಪಾಯ, ಗುಂಪಿನಲ್ಲಿ ಒಬ್ಬರೇ ಜೋರಾಗಿದ್ದು ಉಳಿದವರು ತಲೆಯಾಡಿಸುವುದು. ಮೂರು-ನಾಲ್ಕು ಜನ ಸಾಕು.

ಎಐ ಬಗ್ಗೆ. ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಗಣಿತದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅಭ್ಯಾಸದ ವೇಳೆ ಸಾಮಾನ್ಯ ಎಐ ಚಾಟ್ ಬಳಸಿದವರು ಏನೂ ಬಳಸದವರಿಗಿಂತ ಶೇಕಡಾ 48ರಷ್ಟು ಚೆನ್ನಾಗಿ ಮಾಡಿದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ ಅವರೇ ಶೇಕಡಾ 17ರಷ್ಟು ಹಿಂದೆ ಬಿದ್ದರು. ಪೂರ್ತಿ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಮಾಡಿದ್ದ ಇನ್ನೊಂದು ಚಾಟ್ ಬಳಸಿದವರಿಗೆ ಈ ನಷ್ಟ ಹೆಚ್ಚುಕಡಿಮೆ ಆಗಲಿಲ್ಲ. ಹಾಗಾಗಿ ನಿಯಮ ಅನುಮತಿಸುವ ಕಡೆ ಬಳಸಿ, ಆದರೆ ಪ್ರಶ್ನೆಯನ್ನು ಹಾಗೇ ಅಂಟಿಸಬೇಡಿ. ನೀವು ಬರೆದದ್ದನ್ನು ಕೊಟ್ಟು, 'ಉತ್ತರ ಹೇಳಬೇಡ, ಮೊದಲ ತಪ್ಪು ಸಾಲು ಯಾವುದು ಎಂದು ಮಾತ್ರ ಹೇಳು' ಎಂದು ಕೇಳಿ. ಅದು ಹೇಳಿದ್ದನ್ನು ನಂಬುವ ಮೊದಲು ಪರೀಕ್ಷಿಸಿ. ಪ್ಲಸ್-ಮೈನಸ್ ತಪ್ಪನ್ನೂ, ಪ್ರೂಫಿನಲ್ಲಿ ಬಿಟ್ಟುಹೋದ ಹೆಜ್ಜೆಯನ್ನೂ ಅದು ಅದೇ ಧೈರ್ಯದ ದನಿಯಲ್ಲಿ ಹೇಳುತ್ತದೆ. ಅನುಕಲನ ಸರಿಯಾಯಿತೇ, ಗ್ರಾಫ್ ಹೇಗಿದೆ ಎಂದು ತಾಳೆ ನೋಡಲು ವುಲ್ಫ್ರಮ್ ಆಲ್ಫಾ, ಜಿಯೋಜೀಬ್ರಾ ಎಂಬ ಗಣಿತದ ತಾಣಗಳು ಒಳ್ಳೆಯವು. ನೀವು ಬಿಡಿಸಿದ ನಂತರ, ಮೊದಲಲ್ಲ.

ದುಡ್ಡು ತೆಗೆದುಕೊಂಡು ಅಸೈನ್‌ಮೆಂಟ್ ಬರೆದುಕೊಡುವವರ ಹತ್ತಿರ ಹೋಗಲೇಬೇಡಿ. ಇಂಥ ಸೇವೆ ಮಾರುವುದನ್ನು ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಕಾನೂನು ತಂದು ಅಪರಾಧ ಎಂದು ಸಾರಿವೆ. ಅಲ್ಲಿ ಕೊಳ್ಳುವ ವಿದ್ಯಾರ್ಥಿಗೆ ಸಿಗುವುದು ಅಂಕ ಮಾತ್ರ, ಸಿಕ್ಕಿಬಿದ್ದರೆ ಡಿಗ್ರಿಗೇ ಕುತ್ತು.

ಇನ್ನು ಸಮಯದ ಮಾತು. ಅಸೈನ್‌ಮೆಂಟ್ ಕೈಗೆ ಬಂದ ದಿನವೇ ಅರ್ಧ ಗಂಟೆ ಕೂತು ಎಲ್ಲ ಲೆಕ್ಕಗಳನ್ನೂ ಓದಿ. ಬಿಡಿಸುವುದು ಬೇಡ. ಪ್ರತಿಯೊಂದಕ್ಕೂ ಒಂದು ಚಿತ್ರ, ಯಾವ ತತ್ವ ಇರಬಹುದು ಎಂಬ ಊಹೆ, ಅಷ್ಟು ಬರೆದಿಡಿ. ಎಲ್ಲಿ ನಿಲ್ಲುತ್ತೀರಿ ಎಂಬುದು ಅವತ್ತೇ ತಿಳಿಯುತ್ತದೆ, ಕೇಳಲು ದಿನಗಳು ಉಳಿದಿರುತ್ತವೆ. ಕೊನೆಯ ರಾತ್ರಿ ನಿಂತರೆ ಕೇಳಲು ಯಾರೂ ಇರುವುದಿಲ್ಲ, ಮ್ಯಾನ್ಯುಯಲ್ ಒಂದೇ ಇರುತ್ತದೆ. ಎಂಐಟಿಯ ಅಧ್ಯಯನದಲ್ಲೂ ಕೊಡಬೇಕಾದ ಗಡುವು ಹತ್ತಿರವಾದಂತೆ ನಕಲು ಏರುತ್ತಾ ಹೋಯಿತು.

ಸಹಾಯ ಪಡೆದ ಲೆಕ್ಕವನ್ನು ಅಲ್ಲಿಗೇ ಬಿಡಬೇಡಿ. ಮಾರನೇ ದಿನ ಖಾಲಿ ಹಾಳೆ ತೆಗೆದುಕೊಂಡು, ಏನೂ ನೋಡದೆ ಮತ್ತೆ ಬಿಡಿಸಿ. ಮತ್ತೆ ನಿಂತರೆ ಆ ಒಂದು ಸಾಲನ್ನು ಮಾತ್ರ ನೋಡಿ, ಮುಚ್ಚಿ, ಮೊದಲಿನಿಂದ ಶುರು ಮಾಡಿ. ಆಮೇಲೆ ಅದೇ ತತ್ವದ ಇನ್ನೊಂದು ಲೆಕ್ಕ ಹುಡುಕಿ. ಎಂಐಟಿ ಓಪನ್‌ಕೋರ್ಸ್‌ವೇರ್‌ನ ಎಷ್ಟೋ ಕೋರ್ಸ್‌ಗಳಲ್ಲಿ ಲೆಕ್ಕಗಳೂ ಅವುಗಳ ಸೊಲ್ಯೂಷನ್‌ಗಳೂ ಉಚಿತವಾಗಿ ಸಿಗುತ್ತವೆ. ಹೀಗೆ ಮಾಡಲು ಶುರು ಮಾಡಿದ ಮೊದಲ ವಾರಗಳಲ್ಲಿ ನಿಮ್ಮ ಹೋಮ್‌ವರ್ಕ್ ಅಂಕ 18ರಿಂದ ಇಳಿಯಬಹುದು. ಇಳಿಯಲಿ ಬಿಡಿ. ಕಲಿಕೆ ಕಡಿಮೆಯಾದಂತೆಯೂ ಅನಿಸಬಹುದು. ಹಾರ್ವರ್ಡ್‌ನ ಫಿಸಿಕ್ಸ್ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತು. ತಾವೇ ಲೆಕ್ಕ ಬಿಡಿಸುತ್ತಾ ಕಲಿತವರಿಗೆ, ಒಳ್ಳೆಯ ಲೆಕ್ಚರ್ ಕೇಳಿದವರಿಗಿಂತ ತಾವು ಕಡಿಮೆ ಕಲಿತೆವು ಅನಿಸಿತ್ತು. ಪರೀಕ್ಷೆಯಲ್ಲಿ ಮುಂದಿದ್ದವರು ಅವರೇ.

ಟ್ಯೂಷನ್ ಬಗ್ಗೆ ಈಗಲೇ ತೀರ್ಮಾನ ಬೇಡ. ಹಳೆಯ ಗಣಿತದ ಕೊರತೆ ದೊಡ್ಡದಿದ್ದರೆ ಒಳ್ಳೆಯ ಟ್ಯೂಟರ್‌ನಿಂದ ಲಾಭ ಇದೆ. ಆದರೆ ನಿಮ್ಮ ಅಸೈನ್‌ಮೆಂಟನ್ನೇ ಪಕ್ಕದಲ್ಲಿ ಕೂತು ಬಿಡಿಸಿಕೊಡುವ ಟ್ಯೂಟರ್ ಆದರೆ, ಈಗಿನ ತೊಂದರೆಗೆ ದುಡ್ಡು ಕೊಟ್ಟಂತೆ. ಮೊದಲ ತರಗತಿಯಲ್ಲಿ ಪೆನ್ನು ಯಾರ ಕೈಯಲ್ಲಿ ಜಾಸ್ತಿ ಹೊತ್ತು ಇತ್ತು ಎಂದು ಗಮನಿಸಿ, ಆಮೇಲೆ ನಿರ್ಧರಿಸಿ.

ಈ ವಾರ ಒಂದೇ ಕೆಲಸ ಮಾಡಿ. 20ಕ್ಕೆ 6 ಬಂದ ಆ ಉತ್ತರ ಪತ್ರಿಕೆ ತೆಗೆಯಿರಿ. ಪ್ರತಿ ಲೆಕ್ಕದ ಪಕ್ಕದಲ್ಲಿ ಪೆನ್ನು ನಿಂತದ್ದು ಚಿತ್ರದಲ್ಲೋ, ತತ್ವ ಆರಿಸುವಲ್ಲೋ, ಬಿಡಿಸುವಲ್ಲೋ ಎಂದು ಗುರುತು ಹಾಕಿ. ಅದನ್ನು ತೆಗೆದುಕೊಂಡು ಮೇಷ್ಟ್ರ ಹತ್ತಿರ ಹೋಗಿ, 'ಇವುಗಳಲ್ಲಿ ಯಾವುದನ್ನು ಮೊದಲು ಸರಿಪಡಿಸಲಿ?' ಎಂದು ಕೇಳಿ.